ಡೆನಿಸ್ ರಿಚಿ: ನಿಮ್ಮ ಫೋನು ಪದೇ ಪದೇ ಅಪ್‌ಡೇಟ್ ಕೇಳುವುದರ ಹಿಂದಿರುವ ಮನುಷ್ಯ

ಅಕ್ಟೋಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಮತ್ತೆ ಓಡಾಡತೊಡಗುತ್ತದೆ. ಒಂದು ಬದಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್, ಇನ್ನೊಂದು ಬದಿಯಲ್ಲಿ ಗಡ್ಡ ಬಿಟ್ಟ, ಕನ್ನಡಕ ಹಾಕಿದ ಡೆನಿಸ್ ರಿಚಿ. ಇಬ್ಬರೂ ಒಂದೇ ವಾರದ ಅಂತರದಲ್ಲಿ ತೀರಿಕೊಂಡರು, ಒಬ್ಬರಿಗಾಗಿ ಜಗತ್ತೇ ಅತ್ತಿತು, ಇನ್ನೊಬ್ಬರನ್ನು ಕೇಳುವವರೇ ಇರಲಿಲ್ಲ ಎಂಬುದು ಅದರ ಸಾರಾಂಶ. ರಿಚಿ ಇರದಿದ್ದರೆ ವಿಂಡೋಸ್ ಇಲ್ಲ, ಯುನಿಕ್ಸ್ ಇಲ್ಲ, ಪ್ರೋಗ್ರಾಮುಗಳೇ ಇಲ್ಲ, ನಾವೆಲ್ಲ ಸೊನ್ನೆ ಮತ್ತು ಒಂದನ್ನೇ ಓದುತ್ತ ಕೂರಬೇಕಿತ್ತು ಎಂದೂ ಅದು ಹೇಳುತ್ತದೆ.

ಇನ್ನೊಂದು ಫಾರ್ವರ್ಡ್ ಇದೆ, ಅದಕ್ಕೆ ತಿಂಗಳ ಹಂಗಿಲ್ಲ. ಫೋನಿಗೆ ಅಪ್‌ಡೇಟ್ ಬಂದರೆ ಮಾಡಬೇಡಿ, ಹಳೆಯ ಫೋನು ನಿಧಾನವಾಗಿ ನೀವು ಹೊಸದು ಕೊಳ್ಳಲಿ ಎಂದೇ ಕಂಪನಿಯವರು ಅದನ್ನು ಕಳಿಸುತ್ತಾರೆ ಎನ್ನುತ್ತದೆ ಅದು. ಕೊಪ್ಪಳ, ಗಂಗಾವತಿ ಕಡೆ ಮೊಬೈಲ್ ಅಂಗಡಿಗಳ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ.

ಇವೆರಡಕ್ಕೂ ಸಂಬಂಧವಿದೆ. ಮೊದಲನೆಯ ಫಾರ್ವರ್ಡಿನಲ್ಲಿರುವ ವ್ಯಕ್ತಿಯ ಬದುಕು ಗೊತ್ತಾದರೆ ಎರಡನೆಯದನ್ನು ಎಷ್ಟು ನಂಬಬೇಕು ಎಂಬುದೂ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಮನೆಯ ಮಾತೊಂದು. ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಕಾಕಾ ಆ ಎರಡನೆಯ ಫಾರ್ವರ್ಡನ್ನು ನಂಬಿ ಮೂರು ವರ್ಷ ಫೋನಿನ ಅಪ್‌ಡೇಟ್ ಮುಟ್ಟಿರಲಿಲ್ಲ. ಹೋದ ಮದುವೆ ಸೀಜನ್ನಿನಲ್ಲಿ ಪರಿಚಯದವರ ನಂಬರಿನಿಂದ ಲಗ್ನಪತ್ರಿಕೆ ಎಂಬ ಹೆಸರಿನ ಎಪಿಕೆ ಫೈಲು ಬಂತು. ಅದನ್ನು ಮಾತ್ರ ಥಟ್ಟನೆ ಒತ್ತಿದರು. ಫೋನು ಎಚ್ಚರಿಕೆ ತೋರಿಸಿ ತಡೆಯಿತು. ಆ ಎಚ್ಚರಿಕೆಯನ್ನು ತೆಗೆದುಹಾಕುವುದು ಹೇಗೆ ಎಂದು ಕೇಳಲು ಅವರು ನನಗೆ ಫೋನ್ ಮಾಡಿದರು! ಕಡಲೆ ಮಾರಿದ ದುಡ್ಡು ಅದೇ ಫೋನಿಗೆ ಜೋಡಿಸಿದ ಖಾತೆಯಲ್ಲಿತ್ತು. ಕಂಪನಿ ಕಳಿಸಿದ ನಿಜವಾದ ರಿಪೇರಿ ಬೇಡ, ಯಾರೋ ಕಳಿಸಿದ ಫೈಲು ಬೇಕು. ನಮ್ಮಲ್ಲಿ ಬಹಳ ಜನರ ಫೋನುಗಳ ಸ್ಥಿತಿ ಇದೇ.

ಪದವಿ ಪಡೆಯದ ಡಾಕ್ಟರ್

ಡೆನಿಸ್ ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯಲ್ಲಿ. ತಂದೆ ಅಲಿಸ್ಟೇರ್ ರಿಚಿ ಪ್ರಸಿದ್ಧ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರು, ಸ್ವಿಚಿಂಗ್ ಸರ್ಕಿಟ್‌ಗಳ ಬಗ್ಗೆ ಪುಸ್ತಕ ಬರೆದವರಲ್ಲಿ ಒಬ್ಬರು. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿ, ಆನಂತರ ಅನ್ವಯಿಕ ಗಣಿತಕ್ಕೆ ತಿರುಗಿ, 1967ರಲ್ಲಿ ಅದೇ ಬೆಲ್ ಲ್ಯಾಬ್ಸ್ ಸೇರಿದರು.

ಮರುವರ್ಷ ಪಿಎಚ್‌ಡಿ ಪ್ರಬಂಧವೂ ಸಿದ್ಧವಾಯಿತು, ಒಪ್ಪಿಗೆಯೂ ಸಿಕ್ಕಿತು. ಉಳಿದದ್ದು ಒಂದೇ ಕೆಲಸ, ಬೈಂಡ್ ಮಾಡಿಸಿದ ಪ್ರತಿಯೊಂದನ್ನು ಗ್ರಂಥಾಲಯಕ್ಕೆ ಕೊಡುವುದು. ರಿಚಿ ಅದನ್ನು ಕೊಡಲೇ ಇಲ್ಲ. ಬೈಂಡಿಂಗಿನ ಖರ್ಚು ಗ್ರಂಥಾಲಯವೇ ಭರಿಸಬೇಕು ಎಂಬುದು ಅವರ ವಾದವಾಗಿತ್ತೆಂದು ಜೊತೆಗೆ ಓದಿದವರು ನೆನೆಸಿಕೊಂಡಿದ್ದಾರೆ. ಹಾಗಾಗಿ ಪದವಿ ಅಧಿಕೃತವಾಗಿ ಬರಲೇ ಇಲ್ಲ. ಎಷ್ಟೋ ಕಡೆ ಅವರ ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕುತ್ತಾರೆ, ಅದು ತಪ್ಪು. ಕಳೆದೇಹೋಗಿದೆ ಎಂದುಕೊಂಡಿದ್ದ ಆ ಪ್ರಬಂಧದ ಕತೆ ಹೊರಬಂದದ್ದು 2020ರಲ್ಲಿ, ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ.

ಬೆಲ್ ಲ್ಯಾಬ್ಸ್ ಆಗ ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಜೊತೆ ಸೇರಿ ಮಲ್ಟಿಕ್ಸ್ ಎಂಬ ಭಾರೀ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿತ್ತು. ಕಂಪ್ಯೂಟರನ್ನು ಎಬ್ಬಿಸಿ, ಅದರ ಮೆಮೊರಿ, ಫೈಲುಗಳು, ಪರದೆ ಎಲ್ಲವನ್ನೂ ಪ್ರೋಗ್ರಾಮುಗಳಿಗೆ ಹಂಚಿಕೊಡುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಮಲ್ಟಿಕ್ಸ್ ದೊಡ್ಡದಾಗುತ್ತ ಹೋಯಿತು, ಮುಗಿಯಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂತು.

ರಿಚಿಯ ಗೆಳೆಯ ಕೆನ್ ಥಾಂಪ್ಸನ್ ಕೈಗೆ ಸಿಕ್ಕದ್ದು ಯಾರಿಗೂ ಬೇಡವಾಗಿದ್ದ ಪಿಡಿಪಿ-7 ಎಂಬ ಹಳೆಯ ಚಿಕ್ಕ ಯಂತ್ರ. ಅದೇ ಬೇಸಿಗೆಯಲ್ಲಿ ಹೆಂಡತಿ ಮಗುವನ್ನು ಕರೆದುಕೊಂಡು ಊರಿಗೆ ಹೋಗಿದ್ದಾಗ ಥಾಂಪ್ಸನ್ ಸುಮಾರು ಮೂರು ವಾರದಲ್ಲಿ ಹೊಸ ಆಪರೇಟಿಂಗ್ ಸಿಸ್ಟಂನ ಮೊದಲ ರೂಪವನ್ನು ನಿಲ್ಲಿಸಿದರು. ರಿಚಿ ಮೊದಲಿನಿಂದಲೂ ಆ ಚರ್ಚೆಗಳಲ್ಲಿದ್ದರು, ಬೇಗನೆ ಕೆಲಸದಲ್ಲೂ ಸಮಪಾಲುದಾರರಾದರು. ಮಲ್ಟಿಕ್ಸ್ ಹೆಸರನ್ನೇ ಅಣಕಿಸಿ ಇದಕ್ಕೆ ಯುನಿಕ್ಸ್ ಎಂದು ಹೆಸರು ಬಿತ್ತು. ಹೊಸ ಯಂತ್ರ ಕೊಳ್ಳಲು ಹಣ ಬೇಕಿತ್ತಲ್ಲ, ಕಂಪನಿಯ ಪೇಟೆಂಟ್ ವಿಭಾಗಕ್ಕೆ ಅರ್ಜಿ ಟೈಪ್ ಮಾಡುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದು ಹೇಳಿ ಪಿಡಿಪಿ-11 ತರಿಸಿಕೊಂಡರು. ಇಂದು ಕೋಟ್ಯಂತರ ಯಂತ್ರಗಳ ತಳದಲ್ಲಿರುವ ವಿಚಾರಗಳು ಹೊರಜಗತ್ತಿಗೆ ಬಂದದ್ದು ಹೀಗೆ ಟೈಪಿಂಗ್ ಹೆಸರಿನಲ್ಲಿ.

ತನ್ನ ದೋಷ ತಾನೇ ಬರೆದುಕೊಂಡ ಕೈಪಿಡಿ

1971ರ ನವೆಂಬರ್ 3ರ ದಿನಾಂಕ ಹೊತ್ತ ಯುನಿಕ್ಸ್‌ನ ಮೊದಲ ಕೈಪಿಡಿಯನ್ನು ಬರೆದವರು ಥಾಂಪ್ಸನ್ ಮತ್ತು ರಿಚಿ. ಒಂದೊಂದು ಆಜ್ಞೆಗೆ ಒಂದೊಂದು ಪುಟ. ಏನು ಮಾಡುತ್ತದೆ, ಹೇಗೆ ಬಳಸಬೇಕು ಎಂದೆಲ್ಲ ಹೇಳಿದ ಮೇಲೆ ಕೊನೆಯಲ್ಲಿ ಒಂದು ತಲೆಬರಹ ಇರುತ್ತಿತ್ತು: ಬಗ್ಸ್. ಅಂದರೆ ದೋಷಗಳು. ಈ ಪ್ರೋಗ್ರಾಮಿನಲ್ಲಿ ಇಂಥಿಂಥ ಕುಂದು ಇದೆ ಎಂದು ಮಾಡಿದವರೇ ಬರೆದಿಡುತ್ತಿದ್ದರು. ಮಿಕ್ಸರ್ ಕೊಂಡಾಗ ಜೊತೆಗೆ ಬರುವ ಪುಸ್ತಕದಲ್ಲಿ ಇಂಥ ಪುಟವನ್ನು ನೀವು ಎಂದಾದರೂ ನೋಡಿದ್ದೀರಾ?

ಅದರಲ್ಲಿ ಸಮಯ ಹೇಳುವ ಪುಟವಂತೂ ಓದಲೇಬೇಕಾದದ್ದು. ಯುನಿಕ್ಸ್‌ಗೆ ತಾರೀಖು ಗೊತ್ತಿಲ್ಲ, ಒಂದು ಗೊತ್ತಾದ ದಿನದಿಂದ ಎಷ್ಟು ಹೊತ್ತು ಕಳೆಯಿತು ಎಂದು ಎಣಿಸುವುದಷ್ಟೇ ಗೊತ್ತು. ಮೊದಲಿಗೆ ಅವರು 1971ರ ಜನವರಿ 1ರಿಂದ, ಸೆಕೆಂಡಿನ ಅರವತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸಿದರು. ಆ ಎಣಿಕೆ ಇಡಲು ಇದ್ದ ಜಾಗ 32 ಬಿಟ್. ಅಷ್ಟರಲ್ಲಿ ಸುಮಾರು 429 ಕೋಟಿವರೆಗಿನ ಸಂಖ್ಯೆ ಮಾತ್ರ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಎರಡೂಕಾಲು ವರ್ಷಕ್ಕೆ ಜಾಗ ತುಂಬಿ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಪ್ರತಿ 2.26 ವರ್ಷಕ್ಕೊಮ್ಮೆ ಬಿಕ್ಕಟ್ಟು ಖಾತ್ರಿ ಎಂಬರ್ಥದ ಮಾತನ್ನು ಅದೇ ಬಗ್ಸ್ ಭಾಗದಲ್ಲಿ ಅವರೇ ಅಚ್ಚು ಹಾಕಿಸಿದ್ದರು. ಮುಂದೆ ಎಣಿಕೆಯನ್ನು ಪೂರ್ತಿ ಸೆಕೆಂಡಿಗೆ ಬದಲಿಸಿ, ಶುರುವಾಗುವ ದಿನವನ್ನು 1970ರ ಜನವರಿ 1 ಎಂದು ನಿಲ್ಲಿಸಿದರು. ನಿಮ್ಮ ಫೋನು ಇವತ್ತಿಗೂ ಒಳಗೊಳಗೆ ಎಣಿಸುತ್ತಿರುವುದು ಅದೇ ದಿನದಿಂದ.

ಕೊಪ್ಪಳದವರಿಗೆ ಇದರ ವಿರುದ್ಧದ ಉದಾಹರಣೆ ಊರಲ್ಲೇ ಇದೆ. ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆದದ್ದು, ಅಕ್ಷರ ತಪ್ಪಿದ್ದರೂ ಹಾಗೇ ಉಳಿಯಬೇಕು. ತಂತ್ರಾಂಶ ಶಾಸನವಲ್ಲ, ನಮ್ಮ ಕಡೆಯ ಕೌದಿ ಇದ್ದ ಹಾಗೆ. ಎಲ್ಲಿ ಹರಿಯಿತೋ ಅಲ್ಲಿ ಅಮ್ಮ ಒಂದು ತೇಪೆ ಹಾಕುತ್ತಾಳೆ. ತಂತ್ರಾಂಶದ ರಿಪೇರಿಗೆ ಇಂಗ್ಲಿಷಿನಲ್ಲಿ ಹೇಳುವ ಪ್ಯಾಚ್ ಎಂಬ ಪದದ ಅರ್ಥವೂ ತೇಪೆ ಎಂದೇ.

ರಿಚಿಯ ದೊಡ್ಡ ಕೊಡುಗೆ ಈ ತೇಪೆ ಹಾಕುವ ಕೆಲಸವನ್ನು ಸುಲಭ ಮಾಡಿದ್ದು. ಅಲ್ಲಿವರೆಗೆ ಆಪರೇಟಿಂಗ್ ಸಿಸ್ಟಂ ಎಂದರೆ ಹೆಚ್ಚಾಗಿ ಆಯಾ ಯಂತ್ರಕ್ಕೇ ಅರ್ಥವಾಗುವ ಅಸೆಂಬ್ಲಿ ಭಾಷೆಯಲ್ಲಿ ಬರೆಯುವ ವಸ್ತು. ಯಂತ್ರ ಬದಲಾದರೆ ಮತ್ತೆ ಮೊದಲಿನಿಂದ ಬರೆಯಬೇಕು. ಥಾಂಪ್ಸನ್ ಮಾಡಿದ್ದ ಬಿ ಎಂಬ ಭಾಷೆಯನ್ನು ರಿಚಿ 1971ರಿಂದ 1973ರವರೆಗೆ ತಿದ್ದಿ ಬೆಳೆಸಿ ಸಿ ಭಾಷೆ ಮಾಡಿದರು. 1973ರಲ್ಲಿ ಇಬ್ಬರೂ ಸೇರಿ ಯುನಿಕ್ಸ್‌ನ ತಿರುಳನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. ಇದರಿಂದ ಮನುಷ್ಯರು ಓದಬಹುದಾದ ಒಂದೇ ಮೂಲಪಠ್ಯ ಬೇರೆ ಬೇರೆ ಯಂತ್ರಗಳಿಗೆ ಹೊಂದುವಂತಾಯಿತು. ದೋಷವನ್ನು ಒಂದು ಕಡೆ ತಿದ್ದಿದರೆ ಸಾಕು, ಆ ತಿದ್ದುಪಡಿ ಎಲ್ಲ ಕಡೆ ಹೋಗಬಹುದು. 1978ರಲ್ಲಿ ಬ್ರಯನ್ ಕರ್ನಿಗನ್ ಜೊತೆ ಬರೆದ ಸಿ ಭಾಷೆಯ ಪುಸ್ತಕ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದಿಗೂ ಕೈಯಿಂದ ಕೈಗೆ ಹೋಗುತ್ತಿದೆ.

ರಸ್ತೆ ಬದಿಯಲ್ಲಿ ಸಿಕ್ಕ ಅಪ್‌ಡೇಟ್

ಬೆಲ್ ಲ್ಯಾಬ್ಸ್‌ನ ಒಡೆತನವಿದ್ದ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿ. 1956ರ ಒಂದು ಕಾನೂನು ಒಪ್ಪಂದದಿಂದಾಗಿ ಅದು ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಅದಕ್ಕೇ ಯುನಿಕ್ಸನ್ನು ವಿಶ್ವವಿದ್ಯಾಲಯಗಳಿಗೆ ಅಲ್ಪ ಬೆಲೆಗೆ, ಮೂಲಪಠ್ಯ ಸಮೇತ, ಟೇಪಿನಲ್ಲಿ ಕೊಟ್ಟಿತು. ಷರತ್ತು ಏನೆಂದರೆ ಆಮೇಲೆ ಏನೂ ಕೇಳಬಾರದು. ದೋಷ ತಿದ್ದಿಕೊಡುವುದಿಲ್ಲ, ಸಹಾಯ ಇಲ್ಲ.

ಹಾಗಿದ್ದರೆ ದೋಷ ಸಿಕ್ಕವರು ಏನು ಮಾಡಬೇಕು? ಬಳಕೆದಾರರೇ ಸಭೆ ಸೇರಿ ತಿದ್ದುಪಡಿಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳತೊಡಗಿದರು. ಯುನಿಕ್ಸ್ ಬಳಗದಲ್ಲಿ ಇಂದಿಗೂ ಹೇಳುವ ಒಂದು ಕತೆ ಇದೆ. ಥಾಂಪ್ಸನ್ ಸುಮಾರು ಐವತ್ತು ತಿದ್ದುಪಡಿಗಳನ್ನು ಟೇಪಿನಲ್ಲಿ ಕೂಡಿಸಿದ್ದರಂತೆ. ವಕೀಲರು ಹೊರಗೆ ಕೊಡಲು ಬಿಡಲಿಲ್ಲ. ಕೆಲವು ದಿನಗಳಾದ ಮೇಲೆ ಬಳಕೆದಾರರ ಗುಂಪಿನ ಒಬ್ಬರಿಗೆ ಫೋನ್ ಬಂತಂತೆ, ಇಂಥ ಹೊತ್ತಿಗೆ ಬೆಲ್ ಲ್ಯಾಬ್ಸ್ ಹತ್ತಿರದ ರಸ್ತೆಯಲ್ಲಿ ಹೋದರೆ ಬೇಕಾದದ್ದು ಸಿಗಬಹುದು ಎಂದು. ಹೋದರೆ ಟೇಪು ಅಲ್ಲಿತ್ತಂತೆ. ಇಂದು ಮನೆಯಲ್ಲಿ ಕೂತವರಿಗೆ ಪುಕ್ಕಟೆ ಬರುವ ಅಪ್‌ಡೇಟನ್ನು ನಾವು ಆಮೇಲೆ ಎಂದು ಸರಿಸುತ್ತೇವೆ, ಅಂದು ಜನ ಅದಕ್ಕಾಗಿ ರಸ್ತೆ ಬದಿ ಹುಡುಕುತ್ತಿದ್ದರು.

ನಮ್ಮ ರಾಜ್ಯಕ್ಕೂ ಇಂಥ ಒಂದು ಕಾಲ ಇತ್ತು. ಯುನಿಕ್ಸ್ ಮಾದರಿಯಲ್ಲಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊಸದಾಗಿ ಬರೆದ ಲಿನಕ್ಸ್, ಇಂಟರ್ನೆಟ್ ಇಲ್ಲದ ಭಾರತೀಯ ಮನೆಗಳಿಗೆ 1996ರಿಂದ ಪಿಸಿಕ್ವೆಸ್ಟ್ ಪತ್ರಿಕೆಯ ಸೀಡಿಯಲ್ಲಿ ಬಂತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಬೆಂಗಳೂರಿನಲ್ಲಿ 2001ರಿಂದ ನಡೆದ, ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರಾದ ಲಿನಕ್ಸ್ ಸಮ್ಮೇಳನವೂ ಅವರ ಮುಂದಾಳತ್ವದ್ದೇ. 2013ರಲ್ಲಿ ಅವರು ತೀರಿಕೊಂಡರು. ಅಂದು ಹೊಸ ಆವೃತ್ತಿ ಬೇಕೆಂದರೆ ಮುಂದಿನ ಸೀಡಿ ಬರುವವರೆಗೆ ಕಾಯಬೇಕಿತ್ತು.

ಚೀಲ ನೋಡದೆ ಸುರಿದರೆ

ರಿಚಿ ತಮ್ಮ ಸೃಷ್ಟಿಯ ಬಗ್ಗೆ ಜಂಬ ಕೊಚ್ಚಿದವರಲ್ಲ. 1970ರ ದಶಕದಲ್ಲಿ ಅವರು ಯುನಿಕ್ಸ್‌ನ ಭದ್ರತೆ ಕುರಿತು ಒಂದು ಸಣ್ಣ ಲೇಖನ ಬರೆದರು. ಭದ್ರತೆಯನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಯುನಿಕ್ಸನ್ನು ಕಟ್ಟಿರಲಿಲ್ಲ, ಆದ್ದರಿಂದ ತೂತುಗಳು ಇದ್ದೇ ಇರುತ್ತವೆ ಎಂದು ಅದರಲ್ಲಿ ನೇರವಾಗಿ ಒಪ್ಪಿಕೊಂಡು, ಕೆಲವನ್ನು ತೋರಿಸಿಯೂ ಕೊಟ್ಟರು. ಲಿನಕ್ಸಿಗೆ ವೈರಸ್ ಬರುವುದೇ ಇಲ್ಲ, ಅಪ್‌ಡೇಟ್ ಬೇಕಿಲ್ಲ ಎಂದು ಹೇಳುವವರು ಇಂದಿಗೂ ಇದ್ದಾರೆ. ಯುನಿಕ್ಸ್ ಕಟ್ಟಿದವರೇ ಹಾಗೆ ಹೇಳಲಿಲ್ಲ.

ಸಿ ಭಾಷೆಯಲ್ಲೂ ಒಂದು ಅಪಾಯ ಇತ್ತು. ಗಂಗಾವತಿಯವರಿಗೆ ಅಕ್ಕಿ ಗಿರಣಿಯ ಲೆಕ್ಕದಲ್ಲೇ ಹೇಳುತ್ತೇನೆ. 50 ಕಿಲೋ ಹಿಡಿಯುವ ಚೀಲದ ಬಾಯಿಗೆ 75 ಕಿಲೋ ಭತ್ತ ಸುರಿದರೆ ಏನಾಗುತ್ತದೆ? ಮಿಕ್ಕಿದ್ದು ಪಕ್ಕದ ಚೀಲಕ್ಕೆ ಬಿದ್ದು ಅದರೊಳಗಿನ ಮಾಲಿಗೆ ಬೆರೆಯುತ್ತದೆ. ಹಮಾಲಿ ನೋಡಿ ಕೈ ತಡೆಯುತ್ತಾನೆ. ಸಿ ಭಾಷೆ ತಡೆಯುವುದಿಲ್ಲ. ವೇಗ ಬೇಕು, ಯಂತ್ರ ಚಿಕ್ಕದು, ಬರೆಯುವವರು ಜಾಣರು ಎಂಬ ನಂಬಿಕೆಯಲ್ಲಿ ಅಳತೆ ನೋಡುವ ಕೆಲಸವನ್ನು ಪ್ರೋಗ್ರಾಮರಿಗೇ ಬಿಟ್ಟಿತ್ತು. ಅದರಲ್ಲೂ ಗೆಟ್ಸ್ ಎಂಬ ಒಂದು ಸಾಧನವಂತೂ ಚೀಲ ಎಷ್ಟು ದೊಡ್ಡದು ಎಂದು ಕೇಳುವ ದಾರಿಯೇ ಇಲ್ಲದೆ ಬಂದದ್ದನ್ನೆಲ್ಲ ಸುರಿಯುತ್ತಿತ್ತು. ಪಕ್ಕದ ಚೀಲದಲ್ಲಿ ಯಂತ್ರ ಮುಂದೆ ಏನು ಮಾಡಬೇಕು ಎಂಬ ಸೂಚನೆ ಇದ್ದರೆ? ಕಳ್ಳನೊಬ್ಬ ಬೇಕೆಂದೇ ಹೆಚ್ಚು ಸುರಿದು ಅಲ್ಲಿ ತನ್ನ ಸೂಚನೆ ಕೂರಿಸಬಹುದು.

1988ರ ನವೆಂಬರ್ 2ರಂದು ಅದೇ ಆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಬಿಟ್ಟ ಒಂದು ಪ್ರೋಗ್ರಾಮು ಯುನಿಕ್ಸ್ ಯಂತ್ರದಿಂದ ಯಂತ್ರಕ್ಕೆ ತಾನೇ ಹಬ್ಬತೊಡಗಿತು. ಅದು ನುಗ್ಗಿದ ದಾರಿಗಳಲ್ಲಿ ಒಂದು ಈ ಗೆಟ್ಸ್. 512 ಬೈಟ್ ಹಿಡಿಯುವ ಜಾಗಕ್ಕೆ 536 ಬೈಟ್ ಕಳಿಸಿತು, ಅಷ್ಟೇ. ಸುಮಾರು 6000 ಯಂತ್ರಗಳು ಹಾಳುಬಿದ್ದವು ಎಂದು ಆಗ ಅಂದಾಜು ಮಾಡಿದರು, ಆ ಕಾಲದ ಇಂಟರ್ನೆಟ್ಟಿನ ಹತ್ತರಲ್ಲಿ ಒಂದು ಪಾಲು. ಹುಡುಗನ ತಂದೆ ಯಾರು ಗೊತ್ತೇ? ಬೆಲ್ ಲ್ಯಾಬ್ಸ್‌ನಲ್ಲಿ ರಿಚಿ, ಥಾಂಪ್ಸನ್ ಜೊತೆ ಕೆಲಸ ಮಾಡಿ ಯುನಿಕ್ಸ್‌ನ ಪಾಸ್‌ವರ್ಡ್ ಭದ್ರತೆಯನ್ನು ರೂಪಿಸಿದ್ದ ರಾಬರ್ಟ್ ಮಾರಿಸ್.

ಬರ್ಕ್ಲಿಯ ಪ್ರೋಗ್ರಾಮರುಗಳು ರಾತ್ರಿ ಹಗಲು ಕೂತು ತೇಪೆಗಳನ್ನು ತಯಾರಿಸಿ ಹಂಚಿದರು. ಹಾಕಿಕೊಂಡವರ ಯಂತ್ರ ಉಳಿಯಿತು. ಇಲ್ಲಿ ನಮಗೆಲ್ಲ ಮುಖ್ಯವಾದ ಒಂದು ಸೂಕ್ಷ್ಮ ಇದೆ. ತೇಪೆ ಹೊರಬಂದ ದಿನ ತೂತು ಎಲ್ಲಿತ್ತು ಎಂಬುದು ಕಳ್ಳರಿಗೂ ತಿಳಿಯುತ್ತದೆ. ಏನು ಬದಲಾಯಿತು ಎಂದು ನೋಡಿದರೆ ಸಾಕು. ಅಪ್‌ಡೇಟ್ ಬಂದೂ ಹಾಕದ ಫೋನು, ಬೀಗ ಮುರಿದಿದೆ ಎಂದು ಊರಿಗೆಲ್ಲ ಡಂಗುರ ಸಾರಿದ ಮೇಲೂ ಹಾಗೇ ಬಿಟ್ಟ ಮನೆ.

2024ರ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಕಡೆಯವರು ಮರೆತಿರಲಾರರು. ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಹೋಗುವುದನ್ನು ನೋಡುತ್ತ ಭತ್ತದ ರೈತರು ಕಂಗಾಲಾದರು. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ತಾತ್ಕಾಲಿಕ ಗೇಟು ಕೂರಿಸಲು ಒಂದು ವಾರ ಹಿಡಿಯಿತು. ಸುಮಾರು ಎಪ್ಪತ್ತು ವರ್ಷದ ಗೇಟುಗಳು. ಕೆಟ್ಟ ಮೇಲೆ ಹರಿವ ನೀರಿನಲ್ಲಿ ಮಾಡುವ ರಿಪೇರಿಗೂ ನೀರಿಲ್ಲದ ಬೇಸಿಗೆಯಲ್ಲಿ ಮಾಡುವ ರಿಪೇರಿಗೂ ಇರುವ ವ್ಯತ್ಯಾಸವನ್ನು ಮುನಿರಾಬಾದಿನವರಿಗೆ ನಾವು ಹೇಳಬೇಕಿಲ್ಲ.

ಆ ಎರಡು ಫಾರ್ವರ್ಡುಗಳಲ್ಲಿ ನಿಜ ಎಷ್ಟು?

ಮೊದಲು ಜಾಬ್ಸ್ ಮತ್ತು ರಿಚಿಯ ಚಿತ್ರ. ಒಂದು ವಾರದ ಅಂತರ ಎಂಬುದು ನಿಜ. ಆಪಲ್ ಫೋನಿನ ಆಪರೇಟಿಂಗ್ ಸಿಸ್ಟಂ ಯುನಿಕ್ಸ್ ವಂಶದ್ದು ಎಂಬುದೂ ನಿಜ. ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್, ಅದರ ಬಹುಪಾಲು ಸಿ ಭಾಷೆಯಲ್ಲಿದೆ. ವಿಂಡೋಸ್‌ನ ತಿರುಳಿಗೂ ಸಿ ಭಾಷೆಯೇ ಆಧಾರ. ನಮ್ಮ ಬ್ಯಾಂಕುಗಳು 1980ರ ದಶಕದ ಕೊನೆಗೆ ಗಣಕೀಕರಣ ಶುರುಮಾಡಿದಾಗ ಹೆಚ್ಚಾಗಿ ತಂದದ್ದು ಯುನಿಕ್ಸ್ ಯಂತ್ರಗಳನ್ನೇ. ಆದರೆ ರಿಚಿ ಇರದಿದ್ದರೆ ಸೊನ್ನೆ ಮತ್ತು ಒಂದನ್ನು ಓದುತ್ತ ಕೂರಬೇಕಿತ್ತು ಎಂಬುದು ಅತಿರೇಕ. ಫೋರ್ಟ್ರಾನ್, ಕೋಬಾಲ್ ಭಾಷೆಗಳು 1950ರ ದಶಕದಲ್ಲೇ ಹುಟ್ಟಿದ್ದವು. ಯುನಿಕ್ಸ್ ಒಬ್ಬರ ಸೃಷ್ಟಿಯೂ ಅಲ್ಲ, ಥಾಂಪ್ಸನ್ ಹೆಸರು ಬಿಟ್ಟರೆ ರಿಚಿಯೇ ಒಪ್ಪುತ್ತಿರಲಿಲ್ಲ. ಯಾರೂ ಗುರುತಿಸಲಿಲ್ಲ ಎಂಬುದೂ ಸುಳ್ಳು. 1983ರಲ್ಲಿ ಇಬ್ಬರಿಗೂ ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ, ಆಮೇಲೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ ಬಂದವು.

ಎರಡನೆಯ ಫಾರ್ವರ್ಡಿನಲ್ಲಿ ಹಿಡಿಯಷ್ಟು ನಿಜವಿದೆ, ಅದನ್ನು ಮುಚ್ಚಿಡುವುದು ಬೇಡ. ಬ್ಯಾಟರಿ ಹಳತಾದ ಐಫೋನುಗಳನ್ನು ಅಪ್‌ಡೇಟ್ ಮೂಲಕ ನಿಧಾನಗೊಳಿಸಿದ್ದನ್ನು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತನೆ ಆರಿಹೋಗದಿರಲಿ ಎಂದು ಹಾಗೆ ಮಾಡಿದ್ದೆಂದು ಅದರ ವಿವರಣೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದೇ ವರ್ಷದ ಮಾರ್ಚಿನಲ್ಲಿ ಲಿನಕ್ಸ್‌ನ ಎಕ್ಸ್‌ಝೆಡ್ ಎಂಬ ಸಣ್ಣ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಕಳ್ಳಬಾಗಿಲು ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ಎಲ್ಲರೂ ಮೂಲಪಠ್ಯ ನೋಡಬಹುದು ಎಂಬ ಪದ್ಧತಿ ಅಂದು ಜಗತ್ತನ್ನು ಉಳಿಸಿತು.

ಆದರೆ ಅಪರೂಪಕ್ಕೆ ಔಷಧಿ ಒಗ್ಗಲಿಲ್ಲ ಎಂದು ಬಿಪಿ ಮಾತ್ರೆ ಬಿಡುತ್ತೇವೆಯೇ? ಅಪ್‌ಡೇಟುಗಳಲ್ಲಿ ಎರಡು ಜಾತಿ ಇವೆ ಎಂಬುದನ್ನು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಆಂಡ್ರಾಯ್ಡ್ 13 ಇದ್ದದ್ದು 14 ಆಗುವುದು ದೊಡ್ಡ ಬದಲಾವಣೆ. ಹಳೆಯ, ಜಾಗ ಕಡಿಮೆ ಇರುವ ಫೋನಿಗೆ ಅದು ಭಾರವಾಗಬಹುದು. ಸೆಕ್ಯುರಿಟಿ ಅಪ್‌ಡೇಟ್ ಬೇರೆ, ಅದು ಬರೀ ತೇಪೆ. 2015ರ ಆಗಸ್ಟಿನಿಂದ ಗೂಗಲ್ ಇಂಥ ತೇಪೆಗಳ ಪಟ್ಟಿಯನ್ನು ನಿಯಮಿತವಾಗಿ ಪ್ರಕಟಿಸುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗ್ಗೆ ಇರುವ ಭಾಗಕ್ಕೆ ಹೋದರೆ ನಿಮ್ಮ ಫೋನಿಗೆ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳಿನದು ಎಂದು ಕಾಣುತ್ತದೆ. ಅದು ಎರಡು ಮೂರು ವರ್ಷ ಹಳೆಯದಾಗಿದ್ದು, ಕಂಪನಿಯಿಂದ ಹೊಸದು ಬರುವುದೂ ನಿಂತಿದ್ದರೆ, ಆ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಡಬೇಡಿ. ಹಾಡು ಕೇಳಲು ಇಟ್ಟುಕೊಳ್ಳಿ.

ರಾಜ್ಯದ ಹಲವು ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಉಬುಂಟು ಎಂಬ ಲಿನಕ್ಸ್ ಇದೆ. ಅದರಲ್ಲಿ ಒಂದು ಸಣ್ಣ ಬಲೆ ಇದೆ, ಗೊತ್ತಿದ್ದವರೂ ಬೀಳುತ್ತಾರೆ. ಟರ್ಮಿನಲ್‌ನಲ್ಲಿ ಆ್ಯಪ್ಟ್ ಅಪ್‌ಡೇಟ್ ಎಂಬ ಆಜ್ಞೆ ಕೊಟ್ಟರೆ ಏನೂ ರಿಪೇರಿ ಆಗುವುದಿಲ್ಲ! ಅಂಗಡಿಯಲ್ಲಿ ಯಾವ ಹೊಸ ಮಾಲು ಬಂದಿದೆ ಎಂಬ ಪಟ್ಟಿಯನ್ನಷ್ಟೇ ಅದು ತರುತ್ತದೆ. ನಿಜವಾಗಿ ಮಾಲು ತಂದು ಕೂರಿಸುವುದು ಆಮೇಲೆ ಕೊಡಬೇಕಾದ ಆ್ಯಪ್ಟ್ ಅಪ್‌ಗ್ರೇಡ್. ಮೊದಲನೆಯದನ್ನು ಮಾತ್ರ ಕೊಟ್ಟು ಕೆಲಸ ಮುಗಿಯಿತು ಎಂದು ಎದ್ದುಹೋಗುವ ಶಿಕ್ಷಕರನ್ನು ನಾನೇ ನೋಡಿದ್ದೇನೆ. ತಿರುಳು ಬದಲಾಗಿದ್ದರೆ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಬೇಕು, ಇಲ್ಲದಿದ್ದರೆ ಹಳೆಯದೇ ಓಡುತ್ತಿರುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಮಾಮೂಲಿ ಬೆಂಬಲ ಐದು ವರ್ಷ. ಅದು ಮುಗಿದ ಮೇಲೆ ಹೊಸ ಆವೃತ್ತಿಗೆ ಹೋಗಬೇಕು.

ಆ್ಯಪ್ಟ್ ತರುವ ಪ್ರತಿ ಪೊಟ್ಟಣವೂ ಮೂಲದವರ ಡಿಜಿಟಲ್ ಮುದ್ರೆಗೆ ಹೊಂದುತ್ತದೆಯೇ ಎಂದು ಯಂತ್ರವೇ ಪರೀಕ್ಷಿಸುತ್ತದೆ. ಪ್ಲೇ ಸ್ಟೋರಿನಲ್ಲೂ ಇಂಥದೇ ಪದ್ಧತಿ. ವಾಟ್ಸಾಪಿನಲ್ಲಿ ಬಂದ ಎಪಿಕೆಗೆ ಅಂಗಡಿಯ ಆ ಕಾವಲು ಇಲ್ಲ. 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಥಾಂಪ್ಸನ್ ಇದನ್ನೇ ಎತ್ತಿದ್ದರು. ನೀವೇ ಬರೆಯದ ಪ್ರೋಗ್ರಾಮನ್ನು ಪೂರ್ತಿ ನಂಬುವಂತಿಲ್ಲ, ಕೊನೆಗೆ ನಂಬುವುದು ಅದನ್ನು ಬರೆದವರನ್ನು ಎಂಬುದು ಅವರ ವಾದದ ತಿರುಳು. ಯಲಬುರ್ಗಾ, ಕುಷ್ಟಗಿಯ ರೈತರು ಬೆಳೆ ಸಮೀಕ್ಷೆಯ ಆ್ಯಪನ್ನು ಹೊಸದಾಗಿ ಹಾಕಿಕೊಳ್ಳಬೇಕಾದಾಗ ಇದನ್ನು ನೆನಪಿಡಬೇಕು. ಪ್ಲೇ ಸ್ಟೋರಿಗೆ ಹೋಗಿ ಹುಡುಕಿ, ಗುಂಪಿನಲ್ಲಿ ಬಂದ ಫೈಲು ಒತ್ತಬೇಡಿ. ಪಿಎಂ ಕಿಸಾನ್, ಟ್ರಾಫಿಕ್ ದಂಡ, ಲಗ್ನಪತ್ರಿಕೆ ಇವೆಲ್ಲ ಕಳ್ಳರು ಎಪಿಕೆಗೆ ಇಡುವ ಹೆಸರುಗಳು. ಒತ್ತಿ ಅನುಮತಿ ಕೊಟ್ಟರೆ ನಿಮಗೆ ಬರುವ ಒಟಿಪಿ ಅವರಿಗೂ ಹೋಗಬಹುದು. ಒತ್ತಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯ ದಿನಗಳು

ರಿಚಿ ಮದುವೆಯಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿಗೆ ಬಂದು ಸರಿರಾತ್ರಿವರೆಗೆ ಕೆಲಸ ಮಾಡುವ ಅಭ್ಯಾಸ. ಕಂಪ್ಯೂಟರಿನಲ್ಲಿ ಅವರ ಹೆಸರು ಡಿಎಂಆರ್ ಎಂಬ ಮೂರು ಅಕ್ಷರ, ಬಳಗದಲ್ಲಿ ಎಷ್ಟೋ ಜನಕ್ಕೆ ಅವರು ಹಾಗೇ ಗೊತ್ತು. ಯುನಿಕ್ಸ್ ಜಗತ್ತನ್ನೆಲ್ಲ ಆವರಿಸಿದ ಮೇಲೂ ಅವರು ಅದಕ್ಕೆ ಅಂಟಿಕೊಂಡು ಕೂರದೆ ಪ್ಲಾನ್ 9, ಇನ್ಫರ್ನೊ ಎಂಬ ಹೊಸ ಆಪರೇಟಿಂಗ್ ಸಿಸ್ಟಂಗಳ ಕೆಲಸದಲ್ಲಿ ಕೈಜೋಡಿಸಿದರು. 2007ರಲ್ಲಿ ನಿವೃತ್ತರಾದರು. ಕ್ಯಾನ್ಸರ್, ಹೃದಯದ ಕಾಯಿಲೆ ಎರಡೂ ಅವರನ್ನು ಬಳಲಿಸಿದ್ದವು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ, ಒಬ್ಬರೇ ಇದ್ದಲ್ಲಿ, ಅವರು ತೀರಿಕೊಂಡಿರುವುದು ಗೊತ್ತಾಯಿತು. 70 ವರ್ಷವಾಗಿತ್ತು.

ಅದಾಗಿ ಎರಡು ತಿಂಗಳೂ ತುಂಬುವ ಮೊದಲು, ಡಿಸೆಂಬರಿನಲ್ಲಿ, ಸಿ ಭಾಷೆಯ ಹೊಸ ಅಂತರರಾಷ್ಟ್ರೀಯ ಮಾನದಂಡ ಪ್ರಕಟವಾಯಿತು. ಚೀಲದ ಅಳತೆ ಕೇಳದ ಆ ಗೆಟ್ಸ್ ಅದರಲ್ಲಿ ಇರಲಿಲ್ಲ. ಮಾರಿಸ್ ಹುಳ ಹಬ್ಬಿ 23 ವರ್ಷವಾದ ಮೇಲೆ ಅದನ್ನು ಭಾಷೆಯಿಂದ ಕಿತ್ತುಹಾಕಿದ್ದರು.

ಗಡಿಯಾರದ ಕೆಲಸ ಮಾತ್ರ ಇನ್ನೂ ನಡೆಯುತ್ತಿದೆ. 1970ರಿಂದ ಸೆಕೆಂಡು ಎಣಿಸುತ್ತಿರುವ 32 ಬಿಟ್ ಜಾಗ ತುಂಬುವುದು 2038ರ ಜನವರಿ 19ರ ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ, ತಿದ್ದದೆ ಬಿಟ್ಟ ಯಂತ್ರಗಳು 1901ನೇ ಇಸವಿಗೆ ಹಿಂದೆ ಜಿಗಿಯುತ್ತವೆ. ಹೊಸ ಫೋನುಗಳಲ್ಲಿ ಈಗಾಗಲೇ 64 ಬಿಟ್ ಜಾಗವಿದೆ. ಹಳೆಯ 32 ಬಿಟ್ ಯಂತ್ರಗಳಿಗಾಗಿ ಲಿನಕ್ಸ್ ತಿರುಳಿಗೆ ಇದರ ತೇಪೆ ಬಂದದ್ದು 2020ರಲ್ಲಿ, 5.6 ಆವೃತ್ತಿಯ ಜೊತೆ. ಕಾಕಾ ಈಗ ಅಪ್‌ಡೇಟ್ ಹಾಕಿಕೊಂಡಿದ್ದಾರೆ. ರಾತ್ರಿ ಚಾರ್ಜಿಗೆ ಇಟ್ಟು ಮಲಗಿದಾಗ ತಾನೇ ಆಗುವಂತೆ ಸೆಟ್ಟಿಂಗ್ ಮಾಡಿಕೊಟ್ಟು ಬಂದೆ.